ಪಾಪಕ್ಕೆ ಏಕವಚನ ಬೇಕು

2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ದಲಿತರ ಸಬಲೀಕರಣಕ್ಕೆಂದು ನೀತಿಪತ್ರ ಹೊರಡಿಸಿತು. ಸಭೆಯೊಳಗೂ ಜಾತಿಭೇದ ಇದೆ ಅಂತ ಅದರಲ್ಲಿ ಒಪ್ಪಿಕೊಂಡರು. ಒಪ್ಪಿದ್ದು ಸಣ್ಣ ಮಾತಲ್ಲ. ಆದರೆ ಓದಿ ಮುಗಿಸಿದ ಮೇಲೆ ಒಂದು ಪ್ರಶ್ನೆ ಉಳೀತದೆ: ತಪ್ಪು ಮಾಡಿದವರು ಯಾರು?

ಬಲಿಪೂಜೆಯಲ್ಲಿ ಪ್ರತಿಯೊಬ್ಬರೂ ಎದೆ ತಟ್ಟಿಕೊಂಡು ಪಾಪ ತನ್ನದೇ ಅಂತಾರೆ, ಏಕವಚನದಲ್ಲಿ. ಜಾತಿಯ ಮಾತು ಬಂದರೆ ಅದೇ ಪಾಪ ಬಹುವಚನವಾಗಿಬಿಡ್ತದೆ. ಎಲ್ಲರದೂ ಆದ ಪಾಪ ಯಾರದೂ ಅಲ್ಲ. ತಿರುಚ್ಚಿಯ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರ್ಪಡಿಸಿದ ಗೋಡೆ ತಾನಾಗಿ ಏಳಲಿಲ್ಲ. ಇಟ್ಟಿಗೆ ಇಟ್ಟ ಕೈಗಳಿದ್ದವು.

1950ರ ರಾಷ್ಟ್ರಪತಿ ಆದೇಶದ ಪರಿಶಿಷ್ಟ ಜಾತಿ ಪಟ್ಟಿಗೆ ಸಿಖ್ಖರು 1956ರಲ್ಲಿ, ಬೌದ್ಧರು 1990ರಲ್ಲಿ ಸೇರಿದರು. ಕ್ರೈಸ್ತ ದಲಿತರು ಹೊರಗೇ ಉಳಿದರು. ಇದರ ವಿರುದ್ಧ ಸಭೆ ದನಿ ಎತ್ತಿದ್ದು ನ್ಯಾಯ. ಆದರೆ ಸರ್ಕಾರದ ಲೆಕ್ಕ ಕೇಳುವ ಬಾಯಿ ಪಕ್ಕದ ಬೆಂಚಿನ ಲೆಕ್ಕವನ್ನೂ ಕೇಳಬೇಕು: ಮಗಳ ಮದುವೆಗೆ ಜಾತಿ ನೋಡಿದೆಯಾ? ಯಾರ ಮನೇಲಿ ನೀರು ಕುಡಿಯದೆ ಎದ್ದು ಬಂದೆ?

ಗೆಳೆಯರೇ, ಇದು ಅವರಿಗೆ ಮಾತ್ರ ಕೇಳುವ ಪ್ರಶ್ನೆಯಲ್ಲ. ವೇದಿಕೆ ಮೇಲೆ 'ನಾವು' ಅನ್ನೋ ನಾವೂ ಮನೆ ಹೊಸ್ತಿಲಲ್ಲಿ ನಿಂತು 'ನಾನು' ಅಂತ ಉತ್ತರ ಕೊಡಬೇಕು. ಅಲ್ಲೀತನಕ ಅವರ ನೀತಿಪತ್ರವೂ ಕಾಗದ, ನಮ್ಮ ಕರಪತ್ರವೂ ಕಾಗದ.