ಚಳಿಯಲ್ಲೇ ಸಿಗುವ ದೋಷ

ಅಮೆರಿಕದ ಉತ್ತರದ ರಾಜ್ಯಗಳ ಹೊಲ, ಗಣಿ, ಹಿಮದ ರಸ್ತೆಗಳಲ್ಲಿ ಇಂದಿಗೂ ದುಡಿಯುತ್ತಿರುವ ಹಳೆಯ ಡೀಸೆಲ್ ಟ್ರಕ್‌ಗಳಲ್ಲಿ ಫೋರ್ಡ್ ಎಫ್-250, ಎಫ್-350ಗಳಿಗೆ ದೊಡ್ಡ ಹೆಸರು. 1994ರಿಂದ 2003ರವರೆಗೆ ಅವಕ್ಕೆ ಬಂದದ್ದು ನ್ಯಾವಿಸ್ಟಾರ್ ತಯಾರಿಸಿದ ಎಂಟು ಸಿಲಿಂಡರಿನ 7.3 ಲೀಟರ್ ಪವರ್ ಸ್ಟ್ರೋಕ್ ಎಂಜಿನ್. ಕಬ್ಬಿಣದ ಲೆಕ್ಕದಲ್ಲಿ ಅದು ಗಟ್ಟಿ. ಸೋಲುವುದು ತಾಮ್ರದಲ್ಲಿ, ಎಂದರೆ ವಿದ್ಯುತ್ ಹಾದಿಗಳಲ್ಲಿ, ಅದೂ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿದ ಬೆಳಗ್ಗೆ. ಆ ಸೋಲಿನ ಕಾರಣ ಹುಡುಕಲು ಬೆಳೆದುಬಂದಿರುವ ರೂಢಿ ಆ ಎಂಜಿನ್ನಿನಷ್ಟು ಒಳ್ಳೆಯದಲ್ಲ ಎಂಬುದು ನನ್ನ ತಕರಾರು.

ರೂಢಿ ಹೀಗಿದೆ. ಟ್ರಕ್ ಸ್ಟಾರ್ಟ್ ಆಗಲಿಲ್ಲವೆಂದರೆ ಮೊದಲು ಬ್ಯಾಟರಿ ಬದಲು. ಆಮೇಲೆ ಸಿಲಿಂಡರುಗಳನ್ನು ಸ್ಟಾರ್ಟಿಗೆ ಮುನ್ನ ಕಾಯಿಸುವ ಗ್ಲೋ ಪ್ಲಗ್‌ಗಳ ರಿಲೇ, ಆಮೇಲೆ ಎಂಟೂ ಗ್ಲೋ ಪ್ಲಗ್, ಆಮೇಲೆ ಸ್ಟಾರ್ಟರ್. ಯಾವುದೋ ಒಂದನ್ನು ಹಾಕಿದ ದಿನ ಎಂಜಿನ್ ಹೊತ್ತಿಕೊಳ್ಳುತ್ತದೆ, ಕೊನೆಗೆ ಹಾಕಿದ ಭಾಗಕ್ಕೆ ಕೀರ್ತಿ ಹೋಗುತ್ತದೆ. ಅಂದು ಚಳಿ ಕಡಿಮೆಯಿತ್ತೇ, ಬಿಚ್ಚಿ ಕಟ್ಟುವಾಗ ಸಡಿಲ ನಟ್ಟೊಂದು ಬಿಗಿಯಾಯಿತೇ ಎಂದು ಯಾರೂ ಕೇಳುವುದಿಲ್ಲ. ಮುಂದಿನ ಚಳಿಗಾಲಕ್ಕೆ ಅದೇ ದೋಷ ಮತ್ತೆ ಹಾಜರ್.

ಈ ರೂಢಿಯ ಹಿಂದೆ ಒಂದು ತಪ್ಪು ನಂಬಿಕೆಯೂ ಇದೆ: ಚಳಿಗೆ ತಂತಿಯ ತಡೆ ಹೆಚ್ಚುತ್ತದೆ ಎಂಬುದು. ನಿಜ ಅದಕ್ಕೆ ವಿರುದ್ಧ. ತಾಮ್ರ ತಣ್ಣಗಾದಷ್ಟೂ ಅದರ ತಡೆ ಇಳಿಯುತ್ತದೆ, ಒಂದು ಡಿಗ್ರಿಗೆ ಸುಮಾರು 0.4 ಶೇಕಡಾ. ಚಳಿ ಹೊಡೆಯುವುದು ತಂತಿಗಲ್ಲ, ಜೋಡಣೆಗಳಿಗೆ. ಲೋಹ ಕುಗ್ಗಿ ಕ್ಲ್ಯಾಂಪ್ ಸಡಿಲವಾಗುತ್ತದೆ, ಕನೆಕ್ಟರ್ ಒಳಗಿನ ತೇವ ಹೆಪ್ಪುಗಟ್ಟುತ್ತದೆ, ಸೆಟೆದ ಪ್ಲಾಸ್ಟಿಕ್ ಬಿರಿಯುತ್ತದೆ, ಕೇಬಲ್ ತುದಿಯ ಲಗ್ಗಿನೊಳಗೆ ವರ್ಷಗಳಿಂದ ಸೇರಿದ ಕಿಲುಬು ಆಗ ಬಾಧೆ ಕೊಡುತ್ತದೆ. ಹಾಗಾಗಿ ಟ್ರಕ್ಕನ್ನು ಬೆಚ್ಚಗಿನ ಗ್ಯಾರೇಜಿಗೆ ತಳ್ಳಿಕೊಂಡು ಬಂದ ಒಂದೆರಡು ಗಂಟೆಯಲ್ಲಿ ಈ ದೋಷ ಮಾಯವಾಗಿರುತ್ತದೆ. ಇಲ್ಲದ ದೋಷವನ್ನು ಯಾವ ಮೀಟರ್ ತೋರಿಸೀತು?

ಬ್ಯಾಟರಿಯ ವಿಷಯದಲ್ಲಿ ಮಾತ್ರ ಜನರ ಅನುಮಾನ ನ್ಯಾಯವಾದದ್ದು. ಚಳಿಗೆ ಅದರ ಒಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಅದೇ ಹೊತ್ತಿಗೆ ಮಂದವಾದ ಆಯಿಲ್‌ನಿಂದ ಎಂಜಿನ್ ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಬ್ಯಾಟರಿಯ ಮೇಲೆ ಬರೆದಿರುವ ಚಳಿ-ಕ್ರ್ಯಾಂಕಿಂಗ್ ಸಂಖ್ಯೆಯ ಅರ್ಥ ಇಷ್ಟು: ಮೈನಸ್ 18 ಡಿಗ್ರಿಯಲ್ಲಿ ಅಷ್ಟು ಆಂಪಿಯರನ್ನು 30 ಸೆಕೆಂಡ್ ಕೊಟ್ಟೂ ವೋಲ್ಟೇಜ್ 7.2ಕ್ಕಿಂತ ಕೆಳಗಿಳಿಯಬಾರದು. ಸುಮ್ಮನೆ ನಿಂತ ಬ್ಯಾಟರಿ ತೋರುವ 12.6 ವೋಲ್ಟ್ ಈ ತಾಕತ್ತಿನ ಬಗ್ಗೆ ಏನೂ ಹೇಳುವುದಿಲ್ಲ. ಈ ಟ್ರಕ್‌ನಲ್ಲಿ ಎರಡು ಬ್ಯಾಟರಿ ಪ್ಯಾರಲಲ್‌ನಲ್ಲಿವೆ. ಒಂದು ಕೆಟ್ಟರೆ ಇನ್ನೊಂದನ್ನೂ ಕೆಳಗೆ ಎಳೆಯುತ್ತದೆ. ಕೇಬಲ್ ಬಿಚ್ಚಿ ಒಂದೊಂದನ್ನೂ ಬೇರೆಯಾಗಿ ಲೋಡ್ ಹಾಕಿ ಪರೀಕ್ಷಿಸದೆ ಕೊಟ್ಟ ತೀರ್ಪು ಊಹೆಯಷ್ಟೇ.

ಕೇಬಲ್‌ಗಳ ವಿಚಾರ ಇನ್ನೂ ಸೂಕ್ಷ್ಮ. ಸ್ಟಾರ್ಟರಿಗೆ 500 ಆಂಪಿಯರ್ ಹರಿಯುವಾಗ ಹಾದಿಯಲ್ಲಿ ಬರೀ 5 ಮಿಲಿಓಮ್ ತಡೆಯಿದ್ದರೂ ಎರಡೂವರೆ ವೋಲ್ಟ್ ಅಲ್ಲೇ ಕರಗುತ್ತದೆ. ಮಾಮೂಲಿ ಮಲ್ಟಿಮೀಟರ್ ಆ 5 ಮಿಲಿಓಮನ್ನು ಕಾಣಲಾರದು; ಅದರ ಪ್ರೋಬ್ ತಂತಿಗಳ ತಡೆಯೇ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. 'ಕೇಬಲ್ ಚೆಕ್ ಮಾಡಿದೆ, ಕಂಟಿನ್ಯೂಟಿ ಇದೆ' ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಇನ್ನೊಬ್ಬರು ಬ್ಯಾಟರಿಯ ಪಾಸಿಟಿವ್ ಕಂಬದಿಂದ ಸ್ಟಾರ್ಟರಿನ ಟರ್ಮಿನಲ್‌ವರೆಗೆ, ಎಂಜಿನ್ ಬ್ಲಾಕ್‌ನಿಂದ ನೆಗೆಟಿವ್ ಕಂಬದವರೆಗೆ ವೋಲ್ಟ್ ಅಳೆಯಬೇಕು. ಅರ್ಧ ವೋಲ್ಟ್ ಮೀರಿತೆಂದರೆ ದೋಷ ಆ ಹಾದಿಯಲ್ಲಿದೆ. ಈ ಒಂದು ಪರೀಕ್ಷೆ ಎಲ್ಲ ಬಿಡಿಭಾಗದ ಪಟ್ಟಿಗಳಿಗಿಂತ ಮೇಲು ಎಂದು ನಾನು ಅಳುಕಿಲ್ಲದೆ ಹೇಳುತ್ತೇನೆ. ಅರ್ಥ್ ಹಾದಿಯನ್ನಂತೂ ಬಹುಪಾಲು ಜನ ಅಳೆಯುವುದೇ ಇಲ್ಲ.

ಗ್ಲೋ ಪ್ಲಗ್ ರಿಲೇಗೂ ಇದೇ ನ್ಯಾಯ. 'ಟಕ್' ಅಂದಿತು, ಚೆನ್ನಾಗಿದೆ ಎಂದು ಮುಂದೆ ಹೋಗುತ್ತಾರೆ. ಟಕ್ ಅನ್ನುವುದು ಕಾಯಿಲ್ ಎಳೆಯಿತೆಂಬುದಕ್ಕೆ ಸಾಕ್ಷಿ, ಸುಟ್ಟು ಗುಳಿಬಿದ್ದ ಕಾಂಟ್ಯಾಕ್ಟ್ ದಾಟಿ ಕರೆಂಟ್ ಹೋಯಿತೆಂಬುದಕ್ಕಲ್ಲ. ಎಂಟು ಪ್ಲಗ್‌ಗಳು ತಣ್ಣಗಿರುವಾಗ ಸೇರಿ ಸುಮಾರು 190 ಆಂಪಿಯರ್ ಎಳೆಯುತ್ತವೆ. ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ, 12 ವೋಲ್ಟ್ ಸಿಗಬೇಕಾದಲ್ಲಿ 10 ಸಿಕ್ಕರೆ ಮೂರನೇ ಒಂದರ ಹತ್ತಿರ ಶಾಖ ನಷ್ಟ. ರಿಲೇ ಸರಿಯಿದ್ದರೂ ಕಥೆ ಮುಗಿಯಲಿಲ್ಲ. ವಾಲ್ವ್ ಕವರ್ ಗ್ಯಾಸ್ಕೆಟ್ಟಿನಲ್ಲೇ ಕೂಡಿಸಿದ ಕನೆಕ್ಟರ್, ಬಿಸಿ ಆಯಿಲ್‌ನಲ್ಲಿ ಮುಳುಗಿ ಬೆಂದು, ಪಿನ್ನು ಸುಟ್ಟುಕೊಳ್ಳುತ್ತದೆ. ಆಗ ಎಂಟು ಹೊಸ ಪ್ಲಗ್ ಹಾಕಿದರೂ ಫಲವಿಲ್ಲ. ಇನ್ನು ಡ್ಯಾಶ್‌ಬೋರ್ಡಿನ 'ಕಾಯಿರಿ' ದೀಪವನ್ನು ನಂಬುವಂತೆಯೇ ಇಲ್ಲ. ಅದು ಆರಿದ ಮೇಲೂ ರಿಲೇ, ಆಯಿಲ್‌ನ ತಾಪಮಾನ ನೋಡಿಕೊಂಡು, ಎರಡು ನಿಮಿಷದವರೆಗೆ ಪ್ಲಗ್‌ಗಳನ್ನು ಕಾಯಿಸುತ್ತಿರುತ್ತದೆ. ಸ್ಟಾರ್ಟ್ ಆದ ಮೇಲೆ ಆ ಎರಡು ನಿಮಿಷ ವೋಲ್ಟ್‌ಮೀಟರ್ ಮುಳ್ಳು ಕೆಳಗೇ ಇರುವುದನ್ನು ಕಂಡು ಒಳ್ಳೆಯ ಆಲ್ಟರ್ನೇಟರನ್ನು ಕಿತ್ತು ಬದಲಿಸುವುದು ಈ ರೂಢಿಯ ಅತ್ಯಂತ ದುಬಾರಿ ತಪ್ಪು.

ಖರ್ಚೇ ಇಲ್ಲದ ಸುಳಿವೊಂದು ಸೈಲೆನ್ಸರಿನ ಬಾಯಲ್ಲಿದೆ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಚಿಮ್ಮುತ್ತಿದೆ, ಹೊತ್ತಲು ಶಾಖ ಸಾಲುತ್ತಿಲ್ಲ. ಹೊಗೆಯೇ ಇಲ್ಲವೆಂದರೆ ಬಹುಶಃ ಇಂಜೆಕ್ಟರುಗಳೇ ತೆರೆಯುತ್ತಿಲ್ಲ. ಈ ಎಂಜಿನ್ನಿನಲ್ಲಿ ಅವು ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತವೆ. ಕನಿಷ್ಠ 500 ಪಿಎಸ್‌ಐ ಆಗದೆ ಕಂಪ್ಯೂಟರ್ ಅವನ್ನು ತೆರೆಯುವುದಿಲ್ಲ, ಬ್ಯಾಟರಿ ಕುಸಿದರೆ ಕಂಪ್ಯೂಟರೇ ಸುಮ್ಮನಾಗುತ್ತದೆ. ಹೊಗೆಯಿಲ್ಲದ ಟ್ರಕ್ಕಿಗೆ ಗ್ಲೋ ಪ್ಲಗ್ ಕೊಳ್ಳುವುದು ವ್ಯರ್ಥ.

ಹಟ ಹಿಡಿದ ಎಂಜಿನ್ ಹೊತ್ತಿಸಲು ಹೊಡೆಯುವ ಈಥರ್ ಸ್ಪ್ರೇ ಬಗ್ಗೆ ರಾಜಿಯ ಮಾತಿಲ್ಲ. ಗ್ಲೋ ಪ್ಲಗ್ ಕೆಂಪಾಗಿರುವ ಎಂಜಿನ್ನಿಗೆ ಅದನ್ನು ಹೊಡೆದರೆ ಸ್ಫೋಟವಾಗಬಹುದು, ಪಿಸ್ಟನ್ ಒಡೆಯಬಹುದು. ನಿಂತ ಎಂಜಿನ್ನನ್ನು ಕರೆಂಟಿನಿಂದ ಬೆಚ್ಚಗಿಡುವ ಬ್ಲಾಕ್ ಹೀಟರ್ ಹಾಗಲ್ಲ, ಅದು ಒಳ್ಳೆಯ ಸಾಧನ. ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ವಾಹನ ನಿಲ್ಲಿಸುವ ಜಾಗದಲ್ಲೇ ಅದಕ್ಕಾಗಿ ಪ್ಲಗ್ ಪಾಯಿಂಟ್‌ಗಳಿವೆ. ಆದರೆ ದೋಷ ಹುಡುಕುವ ಹಿಂದಿನ ರಾತ್ರಿ ಅದನ್ನು ಹಾಕಿಡಬಾರದು, ದೋಷ ಅಡಗಿಕೊಳ್ಳುತ್ತದೆ.

ಲೋಡ್ ಹಾಕಿ ಪರೀಕ್ಷಿಸುವ ಮಾತು ಬಂದಾಗ ನಮ್ಮ ಲಾರಿ ಎಲೆಕ್ಟ್ರಿಷಿಯನ್‌ಗಳು ಹೆಡ್‌ಲೈಟ್ ಬಲ್ಬಿಗೆ ಎರಡು ತಂತಿ ಕಟ್ಟಿ ಮಾಡಿಕೊಳ್ಳುವ ಟೆಸ್ಟ್ ಲ್ಯಾಂಪ್ ನೆನಪಾಗುತ್ತದೆ. ನಾಲ್ಕೈದು ಆಂಪಿಯರ್ ಎಳೆಯುವ ಆ ಬಲ್ಬು, ಒಂದೇ ಎಳೆ ಉಳಿದ ಸಣ್ಣ ವೈರನ್ನು ಮೀಟರಿಗಿಂತ ಬೇಗ ಹಿಡಿದುಕೊಡುತ್ತದೆ. ಸ್ಟಾರ್ಟರಿನ ದಪ್ಪ ಕೇಬಲ್ಲಿಗೆ ಅದು ಸಾಲದು, ಅಲ್ಲಿ ಸ್ಟಾರ್ಟರೇ ಲೋಡ್ ಆಗಬೇಕು. ಹತ್ತಾರು ಆಂಪಿಯರ್ ಹರಿಯಬೇಕಾದ ಹಾದಿಯನ್ನು ಮೀಟರಿನ ಮಿಲಿಆಂಪಿಯರಿನಿಂದ ಪರೀಕ್ಷಿಸಿ ಪಾಸು ಮಾಡುವವರಿಗಿಂತ ಈ ಬಲ್ಬು ಹಿಡಿದವರ ದಾರಿ ಸರಿ.

ಸರಿಯಾದ ವಿಧಾನಕ್ಕೆ ಕಷ್ಟವಿದೆ ಎಂಬುದನ್ನು ಒಪ್ಪಬೇಕು. ಕೊರೆಯುವ ಚಳಿಯಲ್ಲಿ ಕೈಗವಸು ತೆಗೆದು ಬಾನೆಟ್ ಕೆಳಗೆ ಬಾಗಬೇಕು. ಇಡೀ ದಿನಕ್ಕೆ ಸಿಗುವುದು ಮೊದಲ ಸ್ಟಾರ್ಟಿನ ಒಂದೇ ಅವಕಾಶ, ಎಂಜಿನ್ ಒಮ್ಮೆ ಬಿಸಿಯಾದರೆ ಮತ್ತೆ ಮರುದಿನವೇ. ಪ್ರೋಬ್‌ಗಳನ್ನು ಹಿಂದಿನ ಸಂಜೆಯೇ ಕ್ಲಿಪ್ ಹಾಕಿ ಕೂರಿಸಿ, ಗರಿಷ್ಠ–ಕನಿಷ್ಠ ದಾಖಲಿಸುವ ಮೀಟರ್ ಇಟ್ಟುಕೊಂಡರೆ ಆ ಒಂದೇ ಅವಕಾಶ ಸಾಕಾಗುತ್ತದೆ. ವರ್ಕ್‌ಶಾಪಿಗೆ ಕೊಡುವುದಾದರೆ ಟ್ರಕ್ಕನ್ನು ಇಡೀ ರಾತ್ರಿ ಅಂಗಳದಲ್ಲೇ ನಿಲ್ಲಿಸಿ, ಬೆಳಗಿನ ಮೊದಲ ಸೆಲ್ಫಿಗೇ ಅಳತೆ ತೆಗೆಯಿರಿ ಎಂದು ಕೇಳಬೇಕು. ಒಪ್ಪದೆ ಬಿಡಿಭಾಗದ ಪಟ್ಟಿಯನ್ನೇ ಮುಂದಿಟ್ಟರೆ ಟ್ರಕ್ಕನ್ನು ಬೇರೆ ಕಡೆಗೆ ಒಯ್ಯುವುದು ಲೇಸು.