ಜೀವಂತ ಪುಸ್ತಕಕ್ಕೆ ಎರಡನೆಯ ದನಿ ಬೇಕು

ಪಠ್ಯಪುಸ್ತಕವನ್ನು ಬದಿಗಿರಿಸಿ, ಒಳ್ಳೆಯ ಸಾಹಿತ್ಯದ ಮೂಲಕ ಮಕ್ಕಳಿಗೆ ಮನೆಯಲ್ಲಿಯೇ ವಿದ್ಯೆ ಕಲಿಸಬಯಸುವ ತಂದೆತಾಯಂದಿರು ಇಂದು ಹಲವು ದೇಶಗಳಲ್ಲಿದ್ದಾರೆ. ಅವರಲ್ಲಿ ಅನೇಕರಿಗೆ ದಾರಿ ತೋರಿದವರು ಇಂಗ್ಲೆಂಡಿನ ಶಿಕ್ಷಣತಜ್ಞೆ ಶಾರ್ಲೆಟ್ ಮೇಸನ್ (1842–1923). 1886ರ ‘ಹೋಮ್ ಎಜುಕೇಶನ್’ ಮೊದಲ್ಗೊಂಡು ಆರು ಸಂಪುಟಗಳಲ್ಲಿ ಅವರು ಮಂಡಿಸಿದ ವಿಚಾರಗಳನ್ನು ಮೆಚ್ಚಿಕೊಳ್ಳುವುದು ಸುಲಭ. ಆದರೆ ಮೆಚ್ಚುವ ಮೊದಲು ತೂಗಿ ನೋಡುವುದು ಒಳಿತು.

ಮಗುವು ಹುಟ್ಟಿನಿಂದಲೇ ಒಬ್ಬ ವ್ಯಕ್ತಿ ಎಂಬುದು ಮೇಸನ್ನರ ಮೂಲ ನಂಬಿಕೆ. ಅದರ ಮನಸ್ಸಿಗೆ ಒಣ ಸಾರಾಂಶಗಳನ್ನು ಉಣಿಸುವುದು ಅದಕ್ಕೆ ಮಾಡುವ ಅಗೌರವವೆಂದು ಅವರು ಬಗೆದರು. ವಿಷಯವನ್ನು ಪ್ರೀತಿಸುವ ಲೇಖಕನೊಬ್ಬ ಸೊಗಸಾಗಿ ಬರೆದ ಕೃತಿಯೇ ಅವರ ಪಾಲಿಗೆ ‘ಜೀವಂತ ಪುಸ್ತಕ’. ಅದರ ಒಂದು ಭಾಗವನ್ನು ಒಮ್ಮೆ ಮಾತ್ರ ಓದಬೇಕು. ಬಳಿಕ ಮಗು ಅದನ್ನು ತನ್ನದೇ ಮಾತಿನಲ್ಲಿ ಮರಳಿ ಹೇಳಬೇಕು. ಉರು ಹೊಡೆದು ಪರೀಕ್ಷೆ ಬರೆದ ನಮ್ಮಂಥವರಿಗೆ ಈ ಕ್ರಮದ ಬೆಲೆ ಚೆನ್ನಾಗಿ ತಿಳಿಯುತ್ತದೆ. ಮರಳಿ ಹೇಳುವಾಗ ಮಗು ಆರಿಸುತ್ತದೆ, ಜೋಡಿಸುತ್ತದೆ; ಅಲ್ಲಿ ಗಿಳಿಪಾಠಕ್ಕೆ ಎಡೆಯಿಲ್ಲ.

ಆದರೆ ಪುಸ್ತಕ ಜೀವಂತವಾದಷ್ಟೂ ಅದರ ತಪ್ಪಿಗೂ ಜೀವ ಬರುತ್ತದೆ. ಮೇಸನ್ನರ ಪಾಠಕ್ರಮದಲ್ಲಿದ್ದ, ಇಂದಿಗೂ ಮನೆಶಿಕ್ಷಣದ ಕುಟುಂಬಗಳು ಬಳಸುವ ‘ಅವರ್ ಐಲೆಂಡ್ ಸ್ಟೋರಿ’ಯನ್ನೇ (1905) ನೋಡಿ. ಎಚ್. ಇ. ಮಾರ್ಷಲ್ ಎಂಬ ಲೇಖಕಿ ಇಂಗ್ಲೆಂಡಿನ ಚರಿತ್ರೆಯನ್ನು ಅಲ್ಲಿ ಕಥೆಯಂತೆ ಮನಸೆಳೆಯುವ ಹಾಗೆ ಹೇಳಿದ್ದಾರೆ. 1857ರ ಹೋರಾಟ ಅದರಲ್ಲಿ ಆಂಗ್ಲರ ಕಣ್ಣಿಗೆ ಕಂಡಂತೆಯೇ ಇದೆ. ನೀರಸ ಪಠ್ಯಪುಸ್ತಕದ ತಪ್ಪನ್ನು ಮಗು ಪರೀಕ್ಷೆ ಮುಗಿದೊಡನೆ ಮರೆಯುತ್ತದೆ. ಸೊಗಸಾದ ಕಥೆಯ ಪಕ್ಷಪಾತ ಮುಪ್ಪಿನವರೆಗೂ ಮನಸ್ಸಿನಲ್ಲಿ ಉಳಿದೀತು. ಮರಳಿ ಹೇಳುವ ಅಭ್ಯಾಸವು ಅದನ್ನು ಪ್ರಶ್ನಿಸುವುದಿಲ್ಲ, ಇನ್ನಷ್ಟು ಗಟ್ಟಿಗೊಳಿಸುತ್ತದೆ.

ಮನೆಯಲ್ಲಿ ಈ ಅಪಾಯ ಹೆಚ್ಚು. ಪುಸ್ತಕವನ್ನು ಆರಿಸುವವಳೂ ತಾಯಿ, ಓದಿಸುವವಳೂ ತಾಯಿ, ಮಗು ಹೇಳುವುದನ್ನು ಕೇಳುವವಳೂ ತಾಯಿಯೇ. ಅವಳ ಪ್ರೀತಿಯಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಬೇರೊಂದು ದನಿಯದು. 1914ರಲ್ಲಿ ಮೇಸನ್ನರ ಕ್ರಮ ಯಾರ್ಕ್‌ಶೈರಿನ ಡ್ರಿಗ್ಲಿಂಗ್ಟನ್ ಎಂಬ ಊರಿನ ಸಾರ್ವಜನಿಕ ಶಾಲೆಯನ್ನು ಹೊಕ್ಕಿತು. ಗಣಿ ಕಾರ್ಮಿಕರ ಮಕ್ಕಳೂ ಅದೇ ಉತ್ತಮ ಪುಸ್ತಕಗಳನ್ನು ಓದಿದರು. ತರಗತಿಯಲ್ಲಿ ಒಂದೇ ಕಥೆಯನ್ನು ಹಲವು ಮಕ್ಕಳು ಹಲವು ಬಗೆಯಲ್ಲಿ ಹೇಳುವುದನ್ನು ಕೇಳಬಹುದು. ಒಂಟಿ ಮಗುವಿಗೆ ಈ ಭಾಗ್ಯವಿಲ್ಲ.

ಪರಿಹಾರದ ಸುಳಿವು ಮೇಸನ್ನರ ಬರಹದಲ್ಲಿಯೇ ಇದೆ. ‘ಪೇರೆಂಟ್ಸ್ ಅಂಡ್ ಚಿಲ್ಡ್ರನ್’ ಸಂಪುಟದಲ್ಲಿ ಅವರು ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾದ ಡೊಮಿನಿಕನ್ ಮಠದಲ್ಲಿರುವ 14ನೆಯ ಶತಮಾನದ ಭಿತ್ತಿಚಿತ್ರವನ್ನು ಕುರಿತು ಧ್ಯಾನಿಸುತ್ತಾರೆ. ಮೇಲೆ ಪವಿತ್ರಾತ್ಮರ ಆಗಮನ. ನಡುವೆ ತೆರೆದ ಗ್ರಂಥ ಹಿಡಿದ ಸಂತ ತೋಮಸ್ ಅಕ್ವಿನಾಸರು. ಕೆಳಗೆ ವ್ಯಾಕರಣ, ಸಂಗೀತ, ರೇಖಾಗಣಿತ ಮೊದಲಾದ ವಿದ್ಯೆಗಳ ಸಾಲು. ಆ ಸಾಲಿನಲ್ಲಿ ಕ್ರಿಸ್ತರನ್ನರಿಯದ ಸಿಸೆರೊ, ಯೂಕ್ಲಿಡರಿಗೂ ಆಸನವಿದೆ. ಎಲ್ಲ ಜ್ಞಾನದ ಗುರು ಪವಿತ್ರಾತ್ಮರೇ ಎಂಬುದು ಮೇಸನ್ನರು ಅಲ್ಲಿ ಕಂಡ ಸತ್ಯ. ಹಾಗಾದರೆ ಸತ್ಯವು ನಮ್ಮವರ ಬಾಯಿಂದ ಮಾತ್ರ ಬರುವುದಿಲ್ಲವೆಂಬುದನ್ನೂ ಒಪ್ಪಬೇಕಾಗುತ್ತದೆ. ಕಪಾಟಿನಲ್ಲಿ ತಮ್ಮ ಮತದ, ತಮ್ಮ ಜನರ ಪುಸ್ತಕಗಳನ್ನಷ್ಟೇ ಜೋಡಿಸಿಡುವ ತಂದೆತಾಯಂದಿರು ಆ ಚಿತ್ರದ ಅರ್ಧವನ್ನಷ್ಟೇ ನೋಡಿದಂತಾಯಿತು.

ಆದುದರಿಂದ ಈ ಕ್ರಮವನ್ನು ಕೈಬಿಡಬೇಕಿಲ್ಲ, ಪೂರ್ಣಗೊಳಿಸಬೇಕು. ಒಂದು ಜೀವಂತ ಪುಸ್ತಕ ಓದಿಸಿದವರು, ಅದೇ ಘಟನೆಯನ್ನು ಎದುರು ದಡದಿಂದ ಕಂಡ ಇನ್ನೊಂದನ್ನೂ ಓದಿಸಲಿ. ಮಗು ಮರಳಿ ಹೇಳಿ ಮುಗಿಸಿದ ಮೇಲೆ, “ಈ ಕಥೆಯಲ್ಲಿ ಯಾರ ಮಾತು ನಮಗೆ ಕೇಳಿಸಲಿಲ್ಲ?” ಎಂದು ಒಮ್ಮೆ ವಿಚಾರಿಸಲಿ. ಮಗುವನ್ನು ವ್ಯಕ್ತಿಯೆಂದು ನಿಜವಾಗಿ ಗೌರವಿಸುವ ಮನೆಯಲ್ಲಿ ಆ ಪ್ರಶ್ನೆಗೆ ಹೆದರಬೇಕಾದವರು ಯಾರೂ ಇಲ್ಲ.