ಹಳಿ ಬದಿಯ ಪಾಲಕ್‌ಗೆ ಯಾವ ನೀರು?

ಮುಂಬಯಿ ಹೊರವಲಯದ ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ಠಾಣೆಯತ್ತ ಹೋಗುವವರಿಗೆ ಹಳಿ ಪಕ್ಕದ ಸೊಪ್ಪಿನ ಮಡಿಗಳು ಹೊಸತಲ್ಲ. ಪಾಲಕ್, ಮೆಂತ್ಯ, ಕೆಂಪು ಹರಿವೆ, ಬೆಂಡೆ, ಮೂಲಂಗಿ. ಬಾಗಿಲಲ್ಲಿ ಜೋತುಬಿದ್ದವರ ಭುಜದ ಮೇಲಿಂದ ಆ ಹಸಿರು ಕಂಡಾಗ ಜೀವಕ್ಕೆ ಹಿತವೆನಿಸುತ್ತದೆ. ಅಷ್ಟರಲ್ಲಿ ಪಕ್ಕದ ಗಟಾರದ ಕಪ್ಪು ನೀರೂ ಕಾಣುತ್ತದೆ. ಸಂಜೆ ಸ್ಟೇಷನ್ ಹೊರಗೆ ಕೊಂಡ ಕಟ್ಟು ಅಲ್ಲಿಯದೇನಾ ಎಂದು ಮನೆಯಲ್ಲಿ ಕೇಳುತ್ತಾರೆ. ನನಗೆ ಗೊತ್ತಿರುವುದಿಲ್ಲ. ಎಷ್ಟೋ ಸಲ ಮಾರುವವನಿಗೂ ಗೊತ್ತಿರುವುದಿಲ್ಲ.

ಈ ಬೇಸಾಯ ಕದ್ದುಮುಚ್ಚಿ ಹುಟ್ಟಿದ್ದಲ್ಲ. ‘ಗ್ರೋ ಮೋರ್ ಫುಡ್’ ಯೋಜನೆಯಡಿ ರೈಲ್ವೆಯೇ ತನ್ನ ಖಾಲಿ ಜಾಗವನ್ನು ನೌಕರರಿಗೆ ಪರವಾನಗಿಯ ಮೇಲೆ ಕೊಟ್ಟಿತು. ಆಹಾರ ಬೆಳೆಯಲಿ, ಜಾಗ ಒತ್ತುವರಿಯಾಗದಿರಲಿ ಎಂಬುದು ಲೆಕ್ಕಾಚಾರ. ಕ್ರಮೇಣ ಪರವಾನಗಿ ಒಬ್ಬರ ಹೆಸರಲ್ಲಿ ಉಳಿದು ಗುದ್ದಲಿ ಇನ್ನೊಬ್ಬರ ಕೈಗೆ ಹೋಯಿತು. ಮಡಿಗಳಲ್ಲಿ ಬಾಗಿ ನಿಂತವರಲ್ಲಿ ಹೆಚ್ಚಿನವರು ಉತ್ತರ ಪ್ರದೇಶ, ಬಿಹಾರಗಳಿಂದ ಬಂದವರು.

ನಗರದ ಬೆಳೆಗಾರರನ್ನು ಮಾರುಕಟ್ಟೆಗೆ ಜೋಡಿಸಬೇಕು ಎಂದು ತಜ್ಞರು ಹೇಳುತ್ತಲೇ ಇರುತ್ತಾರೆ. ಇಲ್ಲಿ ಆ ಜೋಡಣೆ ಯಾರ ನೆರವೂ ಇಲ್ಲದೆ ಆಗಿಹೋಗಿದೆ, ಅದೂ ಬಲು ಚೆನ್ನಾಗಿ. ನಾಶಿಕದ ಸೊಪ್ಪು ರಾತ್ರಿಯಿಡೀ ಲಾರಿಯಲ್ಲಿ ಕುಲುಕಿ, ನವಿ ಮುಂಬಯಿಯ ತುರ್ಭೆಯಲ್ಲಿರುವ ಎಪಿಎಂಸಿ ಸಗಟು ಪೇಟೆಯಲ್ಲಿ ಇಳಿದು, ಎರಡು ಮೂರು ಕೈ ದಾಟಿ ಡೊಂಬಿವಲಿಗೆ ಬರುವಷ್ಟರಲ್ಲಿ ಬಾಡಿರುತ್ತದೆ. ಹಳಿ ಬದಿಯ ಪಾಲಕ್ ಮುಂಜಾನೆ ಕೊಯ್ದರೆ ಹೊತ್ತೇರುವ ಮೊದಲೇ ಬುಟ್ಟಿಯಲ್ಲಿರುತ್ತದೆ. ಬಿತ್ತಿ ಸುಮಾರು ಒಂದು ತಿಂಗಳಿಗೆ ಕೊಯ್ಲು. ಗೋದಾಮು ಬೇಡ, ಶೀತಲಗೃಹ ಬೇಡ. ಬೆಳೆಗಾರನ ಜಾಣ್ಮೆಯ ಮಟ್ಟಿಗೆ ನಾನು ಇದಕ್ಕೆ ಪೂರ್ಣ ಅಂಕ ಕೊಡುತ್ತೇನೆ.

ತುರ್ಭೆಯ ಹೆಸರು ಬಂದದ್ದರಿಂದ ಒಂದು ಮಾತು. 1970ರಲ್ಲಿ ಹುಟ್ಟಿದ ಸರ್ಕಾರಿ ನಿಗಮ ಸಿಡ್ಕೊ ನವಿ ಮುಂಬಯಿ ಕಟ್ಟಲೆಂದು 95 ಹಳ್ಳಿಗಳ ನೆಲ ಗುರುತಾಯಿತು. ಗದ್ದೆ, ಉಪ್ಪಿನ ಆಗರ ಕಳೆದುಕೊಂಡ ಆಗ್ರಿ, ಕೋಳಿ ಸಮುದಾಯದ ಕುಟುಂಬಗಳು ದಿನಕರ ಬಾಳು ಪಾಟೀಲರ ಮುಂದಾಳತ್ವದಲ್ಲಿ ಹೋರಾಡಿದವು. 1984ರ ಜನವರಿಯಲ್ಲಿ ಪೊಲೀಸರ ಗುಂಡಿಗೆ ಐವರು ಬಲಿಯಾದರು. ಮುಂಬಯಿಯ ತರಕಾರಿ ಸಗಟು ಪೇಟೆ 1996ರಲ್ಲಿ ಬಂದು ನೆಲೆಯೂರಿದ್ದು ಈ ನಗರದಲ್ಲೇ. ದೂರದ ರೈತರ ಫಸಲಿಗೆ ಇಲ್ಲಿ ವಿಶಾಲ ಅಂಗಳ ಸಿಕ್ಕಿತು, ಇಲ್ಲಿನ ರೈತನಿಗೆ ಹೊಲವೇ ಉಳಿಯಲಿಲ್ಲ.

2016ರಲ್ಲಿ ಮಹಾರಾಷ್ಟ್ರ ಸರ್ಕಾರ ಹಣ್ಣು ತರಕಾರಿಯನ್ನು ಎಪಿಎಂಸಿಯ ಕಟ್ಟುಪಾಡಿನಿಂದ ಬಿಡಿಸಿತು. ಸಂತ ಸಾವತಾ ಮಾಳಿಯವರ ಹೆಸರಿನಲ್ಲಿ ರೈತರ ವಾರದ ಸಂತೆಗಳೂ ಶುರುವಾದವು. ಒಳ್ಳೆಯ ಕೆಲಸವೇ. ಆದರೆ ಮಹಾರಾಷ್ಟ್ರದಲ್ಲಿ ರೈತನೆನಿಸಿಕೊಳ್ಳಲು ಸಾತ್‌ಬಾರಾ ಉತಾರ ಬೇಕು, ನಮ್ಮಲ್ಲಿ ಪಹಣಿ ಇದ್ದಂತೆ. ರೈಲ್ವೆ ಜಾಗದಲ್ಲಿ ಬೆಳೆಯುವವನ ಹೆಸರು ಯಾವ ಉತಾರದಲ್ಲೂ ಇಲ್ಲ. ಹಾಗಾಗಿ ಸುಧಾರಣೆ ಅವನ ಮಡಿಯ ತನಕ ಬರಲಿಲ್ಲ.

ಹೆಸರಿಲ್ಲದ ಬೆಳೆಗಾರನ ಸೊಪ್ಪಿಗೆ ಜವಾಬ್ದಾರರೂ ಇಲ್ಲ. ಈ ಪದ್ಧತಿಯ ನಿಜವಾದ ದೋಷ ನನಗೆ ಇದೇ ಅನ್ನಿಸುತ್ತದೆ. ಮಡಿಗೆ ಹಾಯುವ ಗಟಾರದ ನೀರಿನಲ್ಲಿ ಎರಡು ಬಗೆಯ ಅಪಾಯವಿದೆ. ಮಲದ ರೋಗಾಣುಗಳು ಚೆನ್ನಾಗಿ ತೊಳೆದು ಬೇಯಿಸಿದರೆ ಸಾಯುತ್ತವೆ. ಕಾರ್ಖಾನೆಯ ಲೋಹಗಳು ಹಾಗಲ್ಲ. ಬೇರಿನಿಂದ ಹೀರಿಕೊಂಡ ಕ್ಯಾಡ್ಮಿಯಂ ಎಲೆಯೊಳಗೇ ಇರುತ್ತದೆ, ಉಪ್ಪುನೀರಲ್ಲಿ ಎಷ್ಟು ನೆನೆಸಿದರೂ ಹೋಗದು. ಅಂಬರನಾಥ, ಉಲ್ಹಾಸನಗರಗಳ ಹೊಲಸು ಹೊತ್ತು ಕಲ್ಯಾಣಕ್ಕೆ ಬರುವ ವಾಲಧುನಿ ನದಿಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಈ ಕೃಷಿಯನ್ನೇ ನಿಲ್ಲಿಸಿ ಎನ್ನುವವರ ಆತಂಕ ಸುಳ್ಳಲ್ಲ. ಅವರು ಹೇಳುವ ಮದ್ದು ಮಾತ್ರ ತಪ್ಪು. ನೀರನ್ನು ಕೆಡಿಸಿದ್ದು ಬೆಳೆಗಾರನಲ್ಲ, ನಾವು ಮತ್ತು ನಮ್ಮ ಕಾರ್ಖಾನೆಗಳು.

ಸೊಪ್ಪು ಕಿತ್ತು ತಂದವರ ಮುಖ ನೋಡಿ ಕೊಳ್ಳುವ ಭಾಗ್ಯ ಮಳೆಗಾಲದಲ್ಲಿ ಮಾತ್ರ ಸಿಗುತ್ತದೆ. ಯೇವೂರಿನಿಂದ, ಆಚೆಯ ಕಾಡಂಚಿನ ಹಾಡಿಗಳಿಂದ ಆದಿವಾಸಿ ಹೆಂಗಸರು ಠಾಣೆ, ಕಲ್ಯಾಣದ ಬೀದಿಗಳಿಗೆ ರಾನ್‌ಭಾಜಿ, ಅಂದರೆ ಕಾಡಿನ ಸೊಪ್ಪು ತರಕಾರಿ ತರುತ್ತಾರೆ. ಅವರ ಟಾಕ್ಳಾ ನಮ್ಮ ತಗಟೆ ಸೊಪ್ಪು, ಕರ್ಟೋಲಿ ನಮ್ಮ ಮಡಹಾಗಲ. ಶೇವಳಾ ಎಂಬ ಕಾಡು ತರಕಾರಿ ಕೊಳ್ಳುವವರ ಕೈಗೆ ಅದರ ತುರಿಕೆ ಕಳೆಯುವ ಕಾಕಡ ಕಾಯಿಯನ್ನೂ ಇಟ್ಟು, ಹೇಗೆ ಬೇಯಿಸಬೇಕೆಂದು ಹೇಳಿಯೇ ಕಳಿಸುತ್ತಾರೆ. ಇಂಥ ಮಾರುಕಟ್ಟೆಯನ್ನು ಯಾವ ಇಲಾಖೆಯೂ ಕಟ್ಟಿಕೊಟ್ಟಿಲ್ಲ. 2017ರಲ್ಲಿ ಬಾಂಬೆ ಹೈಕೋರ್ಟ್ ರೈಲ್ವೆ ನಿಲ್ದಾಣದಿಂದ 150 ಮೀಟರ್ ಒಳಗೆ ಬೀದಿ ವ್ಯಾಪಾರ ಕೂಡದೆಂದಿತು. ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಸೇತುವೆಯ ಕಾಲ್ತುಳಿತ ಆಗಿನ್ನೂ ಹಸಿ ನೆನಪು, ಜನರ ಜೀವಕ್ಕಾಗಿ ಆ ಎಚ್ಚರ ಬೇಕಿತ್ತು. ಆದರೆ ಬುಟ್ಟಿ ಹೊತ್ತು ಲೋಕಲ್‌ನಿಂದ ಇಳಿಯುವ ಹೆಂಗಸಿಗೆ ಆ 150 ಮೀಟರ್ ಆಚೆ ನಾಲ್ಕು ಚದರಡಿ ಜಾಗ ಗುರುತಿಸಿ ಕೊಡುವುದು ನಗರಪಾಲಿಕೆಗಳ ಕೆಲಸ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅದಕ್ಕೆಂದೇ ಇದೆ.

ಬೆಳೆಗಾರನಿಗೆ ಹೆಸರೂ ಮಾರಲು ಜಾಗವೂ ಬೇಕೆಂದಾಗ ಬೆಂಗಳೂರಿನ ಹಾಪ್‌ಕಾಮ್ಸ್ ನೆನಪಾಗುತ್ತದೆ. 1959ರಲ್ಲಿ ಎಂ. ಎಚ್. ಮರಿಗೌಡರ ಮುತುವರ್ಜಿಯಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದದ್ದು ಅದು. ಬೆಳೆದವನು ಸದಸ್ಯ, ಮಳಿಗೆ ಸಂಘದ್ದು, ದರ ಹಲಗೆಯ ಮೇಲೆ. ಅರ್ಜೆಂಟೀನಾದ ರೊಸಾರಿಯೊ ನಗರ 2001ರ ಆರ್ಥಿಕ ಕುಸಿತದ ನಂತರ ಪಾಳುಬಿದ್ದ ಜಾಗಗಳನ್ನು ಬಡವರಿಗೆ ಬೆಳೆಯಲು ಕೊಟ್ಟಾಗ ಅವರ ಸಂತೆಗೂ ಜಾಗ ಮಾಡಿಕೊಟ್ಟಿತು. ಹಳಿ ಬದಿಯವರಿಗೂ ಉಳುವವನ ಹೆಸರಿನಲ್ಲೇ ಪರವಾನಗಿ, ಅವರದೊಂದು ಸಂಘ, ಕಟ್ಟಿನ ಮೇಲೆ ಮಡಿಯ ಗುರುತು ಸಿಗಲಿ.

ಇನ್ನು ನೀರು. ನವಿ ಮುಂಬಯಿ ಮಹಾನಗರಪಾಲಿಕೆ ಐರೋಲಿ ಮತ್ತು ಕೋಪರಖೈರಣೆಯಲ್ಲಿ ಚರಂಡಿ ನೀರನ್ನು ಮೂರನೆಯ ಹಂತದವರೆಗೂ ಶುದ್ಧೀಕರಿಸುವ ಘಟಕಗಳನ್ನು ಕಟ್ಟಿದೆ. ಒಂದೊಂದರ ಸಾಮರ್ಥ್ಯ ದಿನಕ್ಕೆ 2 ಕೋಟಿ ಲೀಟರ್. ಆ ನೀರು ಮುಖ್ಯವಾಗಿ ಕಾರ್ಖಾನೆಗಳಿಗೆಂದು. ಠಾಣೆ–ವಾಶಿ ಲೋಕಲ್ ಆ ಎರಡೂ ಹೆಸರಿನ ನಿಲ್ದಾಣಗಳಲ್ಲಿ ನಿಂತೇ ಹೋಗುತ್ತದೆ. ಕಾರ್ಖಾನೆಯ ತನಕ ಹೋಗುವ ಪೈಪು ಹಳಿಯ ಪಕ್ಕದ ಪಾಲಕ್ ಮಡಿಗೂ ಒಂದು ಕವಲು ಒಡೆಯಲಿ ಎಂದು ಪಾಲಿಕೆಯನ್ನೂ ರೈಲ್ವೆಯನ್ನೂ ಒಟ್ಟಿಗೆ ಕೂರಿಸಿ ಕೇಳಬೇಕಾದವರು ಅದೇ ಲೋಕಲ್‌ನಲ್ಲಿ ದಿನವೂ ಓಡಾಡುವ ನಾವು.